ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಆಗುಂಬೆಗೆ: ಸ್ವೆಟರ್ ಬ್ಯಾಗಿನ ಮೇಲೇ ಇರಲಿ

ಮಲ್ಪೆಗೆ ಬೆಳಿಗ್ಗೆ ಏಳರೊಳಗೆ ಹೋಗಿ. ಸಂಜೆ ಎಲ್ಲರೂ ಹೋಗುತ್ತಾರೆ. ಆದರೆ ಉಡುಪಿಯ ಚಳಿಗಾಲ ಹೇಗೆ ಅಂತ ಗೊತ್ತಾಗುವುದು ಬೆಳಿಗ್ಗೆಯೇ.

ಡಿಸೆಂಬರ್ ಕೊನೆಯ ವಾರ ನಾವು ಹೋದಾಗ ಬಂದರಿನ ಬೋಟುಗಳ ಬಾವುಟಗಳೆಲ್ಲ ಸಮುದ್ರದ ಕಡೆಗೆ ಹಾರುತ್ತಿದ್ದವು. ಗಾಳಿ ಬರುತ್ತಿದ್ದದ್ದು ಘಟ್ಟದ ಕಡೆಯಿಂದ. ಅದು ಮೂಡುಗಾಳಿ. ಒಣಗಾಳಿ ಆದ್ದರಿಂದ ಕಡಲ ಪಕ್ಕ ನಿಂತರೂ ತುಟಿ ಒಡೆಯುತ್ತದೆ. ತುಟಿಗೆ ಹಚ್ಚಲು ಏನಾದರೂ ಜೊತೆಗಿಟ್ಟುಕೊಳ್ಳಿ.

ಹತ್ತೂವರೆ ಹೊತ್ತಿಗೆ ಬಾವುಟಗಳು ಸುಮ್ನೆ ಜೋತುಬಿದ್ದವು. ಆಮೇಲಿನ ಒಂದೂವರೆ ಗಂಟೆ ಭಯಂಕರ ಸೆಕೆ. ಹನ್ನೆರಡರ ಸುಮಾರಿಗೆ ಅವು ಒಂದೊಂದಾಗಿ ಊರಿನ ಕಡೆ ತಿರುಗಿದವು. ಪಡುಗಾಳಿ ಶುರುವಾಗಿತ್ತು. ಈ ಗಾಳಿ ತಡವಾದ ದಿನವೇ ಬಿಸಿಲು ಜಾಸ್ತಿ ಸುಡುವುದು. ಮಂಗಳೂರಿನಲ್ಲಿ ಜನವರಿಯಲ್ಲೂ ಉಷ್ಣಾಂಶ 35 ಡಿಗ್ರಿ ದಾಟುವುದು ಇಂಥ ದಿನಗಳಲ್ಲೇ. ಹಾಗಾಗಿ ಚಿಕ್ಕ ಮಕ್ಕಳಿದ್ದರೆ ಹತ್ತರಿಂದ ಹನ್ನೆರಡರವರೆಗೆ ಮರಳಿನ ಮೇಲೆ ಇರಬೇಡಿ. ಕೃಷ್ಣಮಠಕ್ಕೆ ಹೋಗಿ, ಊಟ ಮುಗಿಸಿ. (ಸಮಸಂಖ್ಯೆಯ ವರ್ಷವಾದರೆ ಜನವರಿ 18ಕ್ಕೆ ಮಠದ ಪೂಜೆಯ ಹೊಣೆ ಕೈ ಬದಲಾಗುವ ಪರ್ಯಾಯ ಉತ್ಸವ ಇರುತ್ತದೆ. ಆಗ ರೂಮು ಸಿಗುವುದು ಕಷ್ಟ.)

ವರ್ಷ ವರ್ಷವೂ ಹೀಗೇ ಆಗುವುದು ಯಾಕೆ? ಘಟ್ಟವೂ ಕಡಲೂ ಇದ್ದಲ್ಲೇ ಇವೆಯಲ್ಲ, ಅದಕ್ಕೆ. ಉತ್ತರದ ಕೊರೆಯುವ ಚಳಿಯನ್ನು ಹಿಮಾಲಯ ತಡೆಯುತ್ತದೆ. ಬಯಲುಸೀಮೆಯಿಂದ ಬರುವ ತಂಪುಗಾಳಿಯೋ ಘಟ್ಟ ಇಳಿಯುವಾಗಲೇ ಬಿಸಿಯಾಗುತ್ತದೆ. ಒಣಗಾಳಿ ಒಂದು ಕಿಲೋಮೀಟರ್ ಕೆಳಗಿಳಿದರೆ ಸುಮಾರು 10 ಡಿಗ್ರಿ ಬಿಸಿಯಾಗುತ್ತದೆ. ಇನ್ನು ಅರಬ್ಬಿ ಸಮುದ್ರ ಚಳಿಗಾಲದಲ್ಲೂ ಬೆಚ್ಚಗೇ ಇರುತ್ತದೆ, ಹೀಗಾಗಿ ಕರಾವಳಿ ರಾತ್ರಿಯೂ ಹೆಚ್ಚು ತಣಿಯುವುದಿಲ್ಲ.

ಇದನ್ನು ಮೈಯಲ್ಲೇ ಅನುಭವಿಸಬೇಕಾದರೆ ಅದೇ ದಿನ ಆಗುಂಬೆಗೆ ಹೊರಡಿ. ಉಡುಪಿಯಿಂದ ಹೆಬ್ರಿ, ಸೋಮೇಶ್ವರ ದಾಟಿ ಸುಮಾರು 55 ಕಿಲೋಮೀಟರ್. ಘಟ್ಟದಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ವಾಂತಿ ಬರುವವರು ಮುಂದಿನ ಸೀಟಿನಲ್ಲಿ ಕೂರಲಿ. ದಾರಿಯಲ್ಲಿ ಮಂಗಗಳಿಗೆ ತಿಂಡಿ ಹಾಕಬೇಡಿ, ದಯವಿಟ್ಟು. ಕಾರು ನಿಂತರೆ ಸಾಕು, ಕೈ ಚಾಚಿ ನಿಲ್ಲುವ ಹಾಗೆ ಆಗಿಬಿಟ್ಟಿವೆ.

ಸೂರ್ಯಾಸ್ತ ನೋಡುವ ಜಾಗಕ್ಕೆ ಐದೂವರೆಗೆ ತಲುಪಿ. ಕಡಲು ಅಲ್ಲಿಂದ ಸುಮಾರು 40 ಕಿಲೋಮೀಟರ್ ದೂರ. ಆಕಾಶ ತಿಳಿಯಾಗಿದ್ದರೆ ಕಾಣುತ್ತದೆ, ಮಬ್ಬು ಕವಿದರೆ ಇಲ್ಲ. ನಮಗೆ ಸಮುದ್ರ ಕಾಣಲಿಲ್ಲ. ಸೂರ್ಯ ಮಬ್ಬಿನೊಳಗೇ ಕೆಂಪಗೆ ಕರಗಿಹೋದ. ಆದರೂ ಆ ಅರ್ಧ ಗಂಟೆಗಾಗಿ ಮತ್ತೊಮ್ಮೆ ಹೋಗುತ್ತೇನೆ.

ಮಳೆಗಾಲದಲ್ಲಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ಇದೇನಾ ಅನ್ನಿಸುತ್ತದೆ, ಅಷ್ಟು ಒಣ. ಪಡುಗಾಳಿ ಘಟ್ಟ ಹತ್ತುವಾಗ ತಣಿದು ಮಳೆ ಸುರಿಸುತ್ತದೆ. ಈಗ ಗಾಳಿ ಇಳಿಯುವ ಕಾಲ, ಮೋಡ ಕಟ್ಟುವುದೇ ಕಷ್ಟ. ಮೋಡವಿಲ್ಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ನಾವು ಸ್ವೆಟರ್‌ಗಳನ್ನು ಡಿಕ್ಕಿಯ ತಳದಲ್ಲಿ ಹಾಕಿದ್ದೆವು. ಅವನ್ನು ಹುಡುಕಿ ತೆಗೆಯುವಷ್ಟರಲ್ಲಿ ಮಗಳು ನಡುಗುತ್ತಿದ್ದಳು. ಪಾಪ ಅನ್ನಿಸಿತು. ಮಧ್ಯಾಹ್ನ ಮಲ್ಪೆಯಲ್ಲಿ ಬೆವರಿದವಳು ಅವಳೇ ಅಲ್ವಾ!

ಒಂದು ರಾತ್ರಿ ಅಲ್ಲೇ ಉಳಿಯಿರಿ. ಬೆಳಿಗ್ಗೆ ಇಬ್ಬನಿ ಹನಿಯುವಾಗಲೇ ಹೊರಟು, ಕಿಟಕಿ ಇಳಿಸಿ ನಿಧಾನಕ್ಕೆ ಘಟ್ಟ ಇಳಿಯಿರಿ. ಹೆಬ್ರಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ, ಯಾರೂ ಹೇಳದೆಯೇ ಮಗಳು ಸ್ವೆಟರ್ ಬಿಚ್ಚಿ ನನ್ನ ಕೈಗೆ ಕೊಟ್ಟಳು.