ನಮ್ಮ ಬಿಸಿಲು, ನಮ್ಮ ಧೂಳು: ಹಳೆಯ ವಸ್ತುಗಳಿಗೆ ಮೇಣದ ಪಾಲಿಶ್

ಬಳ್ಳಾರಿ, ಸಂಡೂರಿನ ಕಡೆ ಮನೆಯೊಳಗೆ ಕೂರುವ ಕೆಂಪು ಧೂಳಿನಲ್ಲಿ ಕಬ್ಬಿಣದ ಅದಿರಾದ ಹೆಮಟೈಟ್‌ನ ಕಣಗಳೂ ಇರುತ್ತವೆ. ಅವು ಹಿತ್ತಾಳೆಗಿಂತ ಗಟ್ಟಿ. ಧೂಳು ಕೂತ ಹಿತ್ತಾಳೆಯ ಸಮೆಯನ್ನು (ದೀಪದ ಕಂಬವನ್ನು) ಒಣಬಟ್ಟೆಯಿಂದ ಉಜ್ಜಿದರೆ ಮರಳುಕಾಗದ ಆಡಿಸಿದ ಹಾಗೆ ಗೀರು ಬೀಳುತ್ತದೆ. ಮೇಣ ಹಚ್ಚುವ ಮೊದಲು ಮೆತ್ತನೆಯ ಕುಂಚದಿಂದ ಮೇಲಿನಿಂದ ಕೆಳಕ್ಕೆ ಧೂಳು ಕೆಡವಿಕೊಳ್ಳಿ, ಸಂದುಗೊಂದುಗಳನ್ನೂ ಬಿಡಬೇಡಿ.

ಇನ್ನು ಯಾವ ಮೇಣ? ಜೇನುಮೇಣ ಸುಲಭವಾಗಿ ಸಿಗುತ್ತದೆ, ಮರಕ್ಕೆ ಚೆನ್ನಾಗಿಯೂ ಒಪ್ಪುತ್ತದೆ. ಆದರೆ ಅದು ಕರಗುವುದು ಸುಮಾರು 62–64 ಡಿಗ್ರಿಯಲ್ಲಿ, ಮೆತ್ತಗಾಗುವುದು ಅದಕ್ಕೂ ಬಹಳ ಮೊದಲೇ. 40 ಡಿಗ್ರಿ ದಾಟುವ ರಾಯಚೂರಿನ ಮೇ ತಿಂಗಳಲ್ಲಿ ಕಿಟಕಿ ಪಕ್ಕದ ವಸ್ತುವಿನ ಮೇಲೆ ಅದು ಜಿಗುಟಾಗಿ ಧೂಳನ್ನು ಹಿಡಿದುಕೊಳ್ಳುತ್ತದೆ. ಜೊತೆಗೆ ಅದರಲ್ಲಿ ಸ್ವಲ್ಪ ಆಮ್ಲವಿದೆ, ವರ್ಷಗಳು ಕಳೆದಂತೆ ತಾಮ್ರ–ಹಿತ್ತಾಳೆಯ ಮೇಲೆ ಹಸಿರು ಕಿಲುಬು ಮೂಡಿಸಬಹುದು. ಲೋಹಕ್ಕೆ ಮೈಕ್ರೋಕ್ರಿಸ್ಟಲೈನ್ ಮೇಣವೇ (ಪೆಟ್ರೋಲಿಯಂನಿಂದ ತೆಗೆದ, ಅತಿ ಸಣ್ಣ ಹರಳುಗಳ ಮೇಣ) ಸರಿ. 1950ರ ದಶಕದಲ್ಲಿ ಬ್ರಿಟಿಷ್ ಮ್ಯೂಸಿಯಂನ ಪ್ರಯೋಗಾಲಯದಲ್ಲಿ ರೂಪುಗೊಂಡ ರಿನೈಸನ್ಸ್ ವ್ಯಾಕ್ಸ್ ಈ ಜಾತಿಯದು. ದುಬಾರಿ ನಿಜ, ಆದರೆ ಒಂದು ಸಣ್ಣ ಡಬ್ಬಿ ಬಹಳ ಕಾಲ ಬರುತ್ತದೆ.

ಮರಕ್ಕೆ ಮನೆಯಲ್ಲೇ ಮಾಡಿಕೊಳ್ಳುವುದಾದರೆ 100 ಗ್ರಾಂ ಜೇನುಮೇಣಕ್ಕೆ 150–200 ಮಿ.ಲೀ. ಟರ್ಪೆಂಟೈನ್ ಸಾಕು. ಮೇಣದ ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ. ಟರ್ಪೆಂಟೈನ್‌ನ ಆವಿ ಸುಮಾರು 35 ಡಿಗ್ರಿಗೇ ಬೆಂಕಿ ಹಿಡಿಯುವಷ್ಟು ಎದ್ದಿರುತ್ತದೆ, ನಮ್ಮಲ್ಲಿ ಅದು ಬೇಸಿಗೆಯ ಮನೆಯೊಳಗಿನ ಕಾವು. ಆದ್ದರಿಂದ ಒಲೆ ಆರಿಸಿ, ಪಾತ್ರೆಯನ್ನು ಅಂಗಳಕ್ಕೆ ತಂದ ಮೇಲೆಯೇ ಸುರಿದು ಕಲಸಿ. ಒಲೆ ಉರಿಯುತ್ತಿರುವಾಗ ಅಡುಗೆಮನೆಯಲ್ಲಿ ಅದರ ಬಾಟಲಿ ತೆರೆಯಲೇಬೇಡಿ.

ಅಡಕೊತ್ತು, ಹಳೆಯ ಬೀಗ, ಕತ್ತಿಯಂಥ ಕಬ್ಬಿಣದ ಸಾಮಾನಿಗೆ ಹೆಚ್ಚು ತಾಳ್ಮೆ ಬೇಕು. ಪುಡಿಯಾಗಿ ಉದುರುವ ತುಕ್ಕನ್ನು 0000 ನಂಬರಿನ, ಅಂದರೆ ಅತಿ ನಯವಾದ ಸ್ಟೀಲ್ ವುಲ್‌ನಿಂದ (ಉಕ್ಕಿನ ಎಳೆಗಳ ಉಂಡೆಯಿಂದ) ಹಗುರವಾಗಿ ತೆಗೆಯಿರಿ. ಗಟ್ಟಿಯಾಗಿ ಕೂತ ಕಂದು–ಕಪ್ಪು ಪದರವನ್ನು ಮುಟ್ಟಬೇಡಿ, ಆ ವಸ್ತುವಿನ ವಯಸ್ಸು ಇರುವುದು ಅದರಲ್ಲೇ. ಆಮೇಲೆ ಟರ್ಪೆಂಟೈನ್ ಹಚ್ಚಿದ ಹತ್ತಿಯಿಂದ ಜಿಡ್ಡು ಒರೆಸಿ, ಅದು ಪೂರ್ತಿ ಆರಲು ಬಿಡಿ. ನಂತರ ಬಿಸಿಲಿಗಿಟ್ಟು ಕೈಯಲ್ಲಿ ಹಿಡಿಯಲು ಆಗುವಷ್ಟು ಮಾತ್ರ ಬಿಸಿ ಮಾಡಿ. ಬೆಚ್ಚಗಿನ ಕಬ್ಬಿಣದಲ್ಲಿ ತೇವ ಉಳಿಯುವುದಿಲ್ಲ, ಮೇಣವೂ ಸಣ್ಣ ರಂಧ್ರಗಳಿಗೆ ಇಳಿಯುತ್ತದೆ. ಅಂಗೈಯಗಲದ ಜಾಗಕ್ಕೆ ಕಡಲೆಕಾಳಿನಷ್ಟು ಮೇಣ. ತಣ್ಣಗಾದ ಮೇಲೆ ಹಳೆಯ ಹತ್ತಿಬಟ್ಟೆಯಿಂದ ಉಜ್ಜಿ, ಮರುದಿನ ಇನ್ನೊಂದು ತೆಳು ಪದರ ಕೊಡಿ. ದಪ್ಪಗೆ ಹಚ್ಚಿದರೆ ಹೆಚ್ಚು ರಕ್ಷಣೆ ಎಂಬುದು ತಪ್ಪು ತಿಳಿವಳಿಕೆ. ಹೆಚ್ಚಾದದ್ದು ಕೆತ್ತನೆಯ ಸಂದಿನಲ್ಲಿ ಬಿಳಿಯಾಗಿ ಕೂರುತ್ತದೆ. ಹಾಗೆ ಕೂತಿದ್ದರೆ ಟರ್ಪೆಂಟೈನ್‌ನಲ್ಲಿ ಅದ್ದಿದ ಸಣ್ಣ ಕುಂಚದಿಂದ ತೆಗೆಯಬಹುದು.

ಹಿತ್ತಾಳೆಯಲ್ಲಿ ಕೆಲಸ ಕೆಡುವುದು ಸಾಮಾನ್ಯವಾಗಿ ಹುಣಸೆಹಣ್ಣಿನಿಂದ. ತಿಕ್ಕಿದ ಕೂಡಲೇ ಥಳಥಳಿಸುತ್ತದೆ, ಆದರೆ ಸಂದಿನಲ್ಲಿ ಉಳಿದ ಹುಳಿ ಮತ್ತು ಬೋರ್‌ವೆಲ್ ನೀರಿನ ಉಪ್ಪು ಮೇಣದ ಅಡಿಯಲ್ಲಿ ಸಿಕ್ಕಿಬೀಳುತ್ತವೆ. ಕೆಲವು ತಿಂಗಳಲ್ಲಿ ಪದರದ ಕೆಳಗೇ ಹಸಿರು ಚುಕ್ಕೆ ಕಾಣಿಸಿಕೊಳ್ಳುತ್ತದೆ. ಹಳೆಯ ವಸ್ತುವಿಗೆ ಹುಣಸೆ ಬೇಡವೇ ಬೇಡ. ಈಗಾಗಲೇ ಹಚ್ಚಿದ್ದರೆ ಕೊನೆಯ ಸಲ ಉಪ್ಪು ತೆಗೆದ (ಆರ್‌ಒ) ಫಿಲ್ಟರ್ ನೀರಿನಲ್ಲಿ ತೊಳೆದು, ಒರೆಸಿ, ಬಿಸಿಲಲ್ಲಿ ಒಣಗಿಸಿ. ದಿನಾ ಹಚ್ಚುವ ದೀಪಕ್ಕೆ ಮೇಣ ವ್ಯರ್ಥ: ಕಾವಿಗೆ ಕರಗುತ್ತದೆ, ಎಣ್ಣೆಯೊಡನೆ ಬೆರೆತು ಹೋಗುತ್ತದೆ. ಅಡುಗೆ ಪಾತ್ರೆಗೂ ಬೇಡ, ಅದಕ್ಕೆ ಒಳಗಡೆ ಕಲಾಯಿ ಹಾಕಿಸುವುದೇ ದಾರಿ. ಬಿದರಿ ಸಾಮಾನಿಗೆ ಮಾತ್ರ ಮೇಣ ಬಹಳ ಒಳ್ಳೆಯದು, ಅದರ ಕಪ್ಪು ಮೈಗೆ ಲೋಹದ ಪಾಲಿಶ್ ಸೋಕಿಸಬಾರದು.

ಕಿನ್ನಾಳದ ಹಳೆಯ ಬೊಂಬೆಗಳ ವಿಚಾರ ಬೇರೆಯೇ. ಹಗುರ ಮರದ ಮೇಲೆ ಹುಣಸೆಬೀಜದ ಅಂಟು ಬೆರೆತ ಪದರ, ಅದರ ಮೇಲೆ ಬಣ್ಣ. ಬಣ್ಣ ಎಲ್ಲಾದರೂ ಎದ್ದಿದ್ದರೆ ಮೇಣದ ಬಟ್ಟೆಯ ಒಂದೇ ಎಳೆತಕ್ಕೆ ಹಾಳೆಹಾಳೆಯಾಗಿ ಬರುತ್ತದೆ. ಅಂಥದ್ದಕ್ಕೆ ಗಾಜಿನ ಪೆಟ್ಟಿಗೆಯೇ ಸಾಕು. ನಾಣ್ಯ ಸಂಗ್ರಹಿಸುವವರು ಬೆಲೆಬಾಳುವ ನಾಣ್ಯಕ್ಕೆ ಮೇಣ ಹಚ್ಚುವ ಗೋಜಿಗೆ ಹೋಗಬೇಡಿ.

ಸಾಗವಾನಿ ತೊಟ್ಟಿಲು, ಪೆಟ್ಟಿಗೆಗಳಿಗೆ ಜೇನುಮೇಣದ ಪಾಲಿಶ್ ನಡೆಯುತ್ತದೆ. ಮರದ ಎಳೆಯ ಗುಂಟ ಹಚ್ಚಿ, ಅರ್ಧ ಗಂಟೆ ಬಿಟ್ಟು ಉಜ್ಜಿ. ಸಿಲಿಕೋನ್ ಇರುವ ಸ್ಪ್ರೇ ಪಾಲಿಶ್ ಬಳಸಬೇಡಿ, ಮುಂದೆ ಹೊಸದಾಗಿ ಪಾಲಿಶ್ ಮಾಡಿಸುವಾಗ ಅದು ಸರಿಯಾಗಿ ಹಿಡಿಯುವುದಿಲ್ಲ. ಬೇಸಿಗೆಯಲ್ಲಿ ಮರ ಒಣಗಿ ಬಿರಿಯುವುದನ್ನು ಮೇಣ ತಡೆಯಲಾರದು. ಹಾಗೆಂದು ಕೂಲರ್ ಎದುರಿಗೂ ಇಡಬೇಡಿ. ಕೂಲರಿನ ತೇವದ ಗಾಳಿ ಬಡಿದರೆ ಕಡುಬೇಸಿಗೆಯಲ್ಲೂ ಪೆಟ್ಟಿಗೆಯ ಕಬ್ಬಿಣದ ಪಟ್ಟಿ ತುಕ್ಕು ಹಿಡಿಯುತ್ತದೆ.

ಈ ಕೆಲಸಕ್ಕೆ ಶಿವರಾತ್ರಿಯ ಆಸುಪಾಸು ಒಳ್ಳೆಯ ಕಾಲ, ಗಾಳಿ ಒಣಗಿರುತ್ತದೆ, ಬಿಸಿಲು ಇನ್ನೂ ಕಡುವಾಗಿರುವುದಿಲ್ಲ. ಲೋಹದ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ: ಮುತ್ತಿನಂತೆ ನಿಂತರೆ ಪದರ ಇನ್ನೂ ಇದೆ, ಹರಡಿಕೊಂಡರೆ ಮತ್ತೊಮ್ಮೆ ಹಚ್ಚುವ ಹೊತ್ತು ಬಂದಿದೆ. ನೋಡಿದ ಕೂಡಲೇ ಹನಿಯನ್ನು ಒರೆಸಿಬಿಡಿ.