ಟೊಮ್ಯಾಟೋ ಮಂಡಿಯಿಂದ ಕೋಲಾರಮ್ಮನ ಗುಡಿಗೆ

ಕೋಲಾರ, ಜುಲೈ 12, 2025, ಶನಿವಾರ

ಬೆಳಿಗ್ಗೆ ಮಾವನ ಜೊತೆ ಎಪಿಎಂಸಿಗೆ ಹೋಗಿದ್ದೆ. ತೋಟದ ಟೊಮ್ಯಾಟೋ ತಂದಿದ್ದರು. ಜುಲೈ ಅಂದರೆ ಇಲ್ಲಿ ಸುಗ್ಗಿ. ಒಳಗೆ ಕಾಲಿಡೋಕೆ ಜಾಗ ಇಲ್ಲ, ಎಲ್ಲಿ ನೋಡಿದರೂ 15 ಕೆಜಿ ಬಾಕ್ಸುಗಳು. ಹರಾಜು ಕೂಗುವವರು ತಮ್ಮ ಬಾಕ್ಸಿನ ಹತ್ತಿರ ಬಂದಾಗ ರೈತರು ಉಸಿರು ಬಿಗಿ ಹಿಡಿದು ನಿಲ್ಲುತ್ತಾರೆ. ತಿಂಗಳುಗಟ್ಟಲೆ ಕಡ್ಡಿ ನೆಟ್ಟು, ದಾರ ಕಟ್ಟಿ, ಔಷಧಿ ಹೊಡೆದು ಬೆಳೆದ ಬೆಳೆಗೆ ರೇಟು ಕಟ್ಟೋದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ. 2023ರ ಜುಲೈನಲ್ಲಿ ಇದೇ ಬಾಕ್ಸು 2000 ರೂಪಾಯಿ ದಾಟಿತ್ತು. ರೇಟು ಬಿದ್ದಾಗ ಕೊಯ್ಲಿನ ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಸುರಿದು ಹೋದವರನ್ನೂ ನೋಡಿದ್ದೇನೆ. ಆ ನೋವು ಮರೆಯೋಕಾಗಲ್ಲ.

ಕೋಲಾರ ಅಂದರೆ ಹೊರಗಿನವರಿಗೆ ಚಿನ್ನವೇ ನೆನಪಾಗುತ್ತದೆ. ಗಣಿ ಇದ್ದದ್ದು ಕೆಜಿಎಫ್‌ನಲ್ಲಿ. ನಮ್ಮ ಪೇಟೆ ನಡೆಯುವುದು ರಾಗಿ, ರೇಷ್ಮೆ, ಹಾಲು, ತರಕಾರಿಯಿಂದ.

ಮಂಡಿ ಕೆಲಸ ಮುಗಿಸಿ ಕೋಲಾರಮ್ಮನ ಗುಡಿಗೆ ಹೋದೆವು. ಗೋಡೆ ಮೇಲೆ ಚೋಳರ ಕಾಲದ ತಮಿಳು ಶಾಸನಗಳಿವೆ. ಅದಕ್ಕೂ ಹಿಂದೆ ಕೋಲಾರ (ಆಗಿನ ಹೆಸರು ಕುವಳಾಲ) ಗಂಗರ ಮೊದಲ ರಾಜಧಾನಿ. ತಲಕಾಡಿಗೆ ಹೋದ ಮೇಲೂ ಗಂಗರು ‘ಕುವಳಾಲಪುರವರೇಶ್ವರ’ ಅನ್ನುವ ಬಿರುದು ಬಿಡಲಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ಹೆಮ್ಮೆ.

ಆದರೆ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಈ ಸೀಮೆಯಲ್ಲಿ ಜನ ಉಳಿದದ್ದು ಕೆರೆಗಳಿಂದ. ಚಿಕ್ಕಬಳ್ಳಾಪುರ ಬೇರೆಯಾಗುವ ಮುಂಚೆ ಜಿಲ್ಲೆಯಲ್ಲಿ 4000ಕ್ಕೂ ಹೆಚ್ಚು ಕೆರೆಗಳಿದ್ದವು. ಮೇಲಿನ ಕೆರೆ ಕೋಡಿ ಹರಿದರೆ ನೀರು ಕೆಳಗಿನ ಕೆರೆಗೆ. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ನೀರು ಅಂತ ನೋಡಿಕೊಳ್ಳೋಕೆ ನೀರುಗಂಟಿ ಇರುತ್ತಿದ್ದ. ಎಂಥ ಅಚ್ಚುಕಟ್ಟು ವ್ಯವಸ್ಥೆ ಅಲ್ವಾ? ಬೋರ್‌ವೆಲ್ ಬಂದ ಮೇಲೆ ಕೆರೆ ಯಾರಿಗೂ ಬೇಡವಾಯಿತು. ಕಾಲುವೆಗಳು ಮುಚ್ಚಿಹೋದವು, ಬೋರು ಸಾವಿರ ಅಡಿ ದಾಟಿತು.

2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಅದು ಅಂತರ್ಜಲ ಹೆಚ್ಚಿಸೋಕೆ ಮಾತ್ರ, ನೇರವಾಗಿ ಬೆಳೆಗಲ್ಲ. ಬತ್ತಿದ ಬೋರುಗಳಲ್ಲಿ ಮತ್ತೆ ನೀರು ಬಂದದ್ದು ನಿಜ, ಮಾವನ ಬೋರೂ ಅದರಲ್ಲಿ ಒಂದು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಬೇಕು ಅಂತ ರೈತರು ಕೇಳುತ್ತಲೇ ಇದ್ದಾರೆ. ಅವರು ಕೇಳುವುದು ನ್ಯಾಯ. ನಾವು ಉಣ್ಣುವ ಸೊಪ್ಪು, ತರಕಾರಿ ಬೆಳೆಯೋದು ಇದೇ ಮಣ್ಣಲ್ಲಿ, ನಮ್ಮ ಹಸು ಕುಡಿಯೋದು ಇದೇ ನೀರು.

ಗುಡಿಯಿಂದ ಹೊರಗೆ ಬರುವಾಗ ಮಾವ ಅಂದರು: "ನೋಡಪ್ಪ, ಈ ಸಲ ಟೊಮ್ಯಾಟೋ ಕಿತ್ತ ಮೇಲೆ ಅರ್ಧ ಜಮೀನಿಗೆ ರಾಗಿ ಹಾಕಿಬಿಡ್ತೀನಿ. ರಾಗಿಗೆ ಮಳೆ ಸಾಕು, ಬೋರಿಗೂ ಸ್ವಲ್ಪ ಬಿಡುವು ಸಿಗುತ್ತೆ."

ಅತ್ತೆ ಇದನ್ನು ಹೋದ ವರ್ಷವೇ ಹೇಳಿದ್ದರು. ನಾಳೆ ಬೀಜ ತರೋಕೆ ನಾನೂ ಹೋಗ್ತೀನಿ.