ಹಳೇ ಲೋಡರ್‌ಗೆ ಎಳೆತ ಬಂತು, ಗೇರ್‌ಬಾಕ್ಸ್ ಇನ್ನೂ ಇಳಿಸಿಲ್ಲ

ಕಳೆದ ಸಲ ಬರೆದಾಗ ಮಷಿನ್ ಸ್ಟಾರ್ಟ್ ಆಗಿತ್ತು, ಅಷ್ಟೇ. ಆಮೇಲಿನ ನಾಲ್ಕು ಭಾನುವಾರಗಳ ಕಥೆ ಇದು.

ಹೊಸದಾಗಿ ಓದುವವರಿಗೆ: ಇದು ಸಂಡೂರು ಕಡೆ ಅದಿರು ತುಂಬುತ್ತಿದ್ದ ವೀಲ್ ಲೋಡರ್. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತಲ್ಲ, ಆಗ ಎಷ್ಟೋ ಮಷಿನ್‌ಗಳು ನಿಂತಲ್ಲೇ ನಿಂತವು. ಇದೂ ಒಂದು ಶೆಡ್ಡಿನ ಹಿಂದೆ ವರ್ಷಗಟ್ಟಲೆ ಮಳೆಯಲ್ಲಿ ನೆನೆದಿದೆ. ಕೆಂಪು ಧೂಳು ಎಲ್ಲಿಲ್ಲ ಹೇಳಿ, ಸೀಟಿನ ಹೊಲಿಗೆಯೊಳಗೂ ಇದೆ.

ತೊಂದರೆ ಏನು ಅಂದ್ರೆ, ಖಾಲಿ ಓಡಿಸಿದರೆ ಸರಿ. ಮಣ್ಣಿನ ಗುಡ್ಡೆಗೆ ಬಕೆಟ್ ತಿವಿದರೆ ಅಲ್ಲೇ ಸುಸ್ತು. ಚಕ್ರ ತಿರುಗಲ್ಲ, ಎಂಜಿನ್ ಮಾತ್ರ ಗೊಣಗುತ್ತದೆ. ನಮ್ಮ ಮೆಕ್ಯಾನಿಕ್ ಚಾಚಾ ಒಂದು ಸುತ್ತು ಓಡಿಸಿ ನೋಡಿ, "ಕ್ಲಚ್ ಪ್ಲೇಟ್ ಹೋಗ್ಯಾವಪ್ಪಾ, ಗೇರ್‌ಬಾಕ್ಸ್ ಇಳಿಸಿಬಿಡಾಣ" ಅಂದರು. ಚಾಚಾ ಮೂವತ್ತು ವರ್ಷ ಇದೇ ಕೆಲಸ ಮಾಡಿದವರು. ಆದರೆ ಗೇರ್‌ಬಾಕ್ಸ್ ಇಳಿಸೋಕೆ ಕ್ರೇನ್ ಬೇಕು, ಜೇಬಿನಲ್ಲಿ ದುಡ್ಡು ಬೇಕು. ಮೊದಲು ಅಳೆದು ನೋಡೋಣ ಚಾಚಾ ಅಂತ ಬೇಡಿಕೊಂಡೆ.

ಮೊದಲನೇ ಭಾನುವಾರ

ಸ್ಟಾಲ್ ಟೆಸ್ಟ್ ಮಾಡಿದೆವು. ಸಮತಟ್ಟಾದ ಜಾಗ, ಎದುರಿಗೆ ಯಾರೂ ಇಲ್ಲ. ಗೇರ್‌ಬಾಕ್ಸ್ ಆಯಿಲ್ 80 ಡಿಗ್ರಿಗೆ ಬರುವವರೆಗೆ ಓಡಾಡಿಸಿ, ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿದು, ಗೇರ್ ಹಾಕಿ, ಪೂರ್ತಿ ಆಕ್ಸಿಲರೇಟರ್. ಗಾಡಿ ಕದಲಬಾರದು. ಎಂಜಿನ್ ಎಷ್ಟು ಆರ್‌ಪಿಎಂನಲ್ಲಿ ನಿಲ್ಲುತ್ತದೆ ಅಂತ ನೋಡಬೇಕು. 15-20 ಸೆಕೆಂಡ್ ಮಾತ್ರ. ಜಾಸ್ತಿ ಹಿಡಿದರೆ ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಟಾರ್ಕ್ ಕನ್ವರ್ಟರ್‌ನಲ್ಲಿ ಆಯಿಲ್ ಕುದಿಯುತ್ತದೆ. ಆಮೇಲೆ ನ್ಯೂಟ್ರಲ್‌ಗೆ ತಂದು ತಣ್ಣಗಾಗಲು ಬಿಡಬೇಕು.

ಲೆಕ್ಕ ಸುಲಭ. ಆರ್‌ಪಿಎಂ ಕಡಿಮೆ ಬಂದರೆ ಎಂಜಿನ್ ಸೋತಿದೆ ಅನ್ನೋ ಅನುಮಾನ. ಜಾಸ್ತಿ ಬಂದರೆ ಕ್ಲಚ್ ಜಾರುತ್ತಿದೆ. ನಮ್ಮ ಮಷಿನ್ನಿನ ಪುಸ್ತಕದಲ್ಲಿ 1,950ರಿಂದ 2,050 ಅಂತಿದೆ. ನಮಗೆ ಬಂದಿದ್ದು 1,980.

ಅಂದ್ರೆ ಎಲ್ಲಾ ಸರಿ ಇದೆ! ಇಬ್ಬರೂ ಮುಖ ಮುಖ ನೋಡಿಕೊಂಡು ಚಹಾ ಕುಡಿಯಲು ಹೋದೆವು.

ಎರಡನೇ ಭಾನುವಾರ

ವಾರವಿಡೀ ಆ 1,980 ತಲೆ ತಿಂತು. ಈ ಸಲ ಗೇರ್ ಮುಟ್ಟದೆ, ಹೈಡ್ರಾಲಿಕ್‌ನಿಂದ ಮಾತ್ರ ಎಂಜಿನ್‌ಗೆ ಲೋಡ್ ಕೊಟ್ಟೆವು. ಬಕೆಟ್ ಪೂರ್ತಿ ಹಿಂದಕ್ಕೆ ಮಡಚಿ, ಲಿವರ್ ಬಿಡದೆ ಹಿಡಿದರೆ ಹೆಚ್ಚಾದ ಪ್ರೆಶರ್ ಹೊರಬಿಡುವ ರಿಲೀಫ್ ವಾಲ್ವ್ ಕಿರುಚುತ್ತದೆ. ಖಾಲಿ ಓಟ 2,400 ಇದ್ದದ್ದು 2,200ಕ್ಕಿಂತ ಕೆಳಗೆ ಬೀಳಬಾರದು. ಇದು 1,960ಕ್ಕೆ ಬಿತ್ತು.

ಎಂಜಿನ್ ಸೋತಿರೋದು ಖಾತ್ರಿಯಾಯ್ತು. ಆದರೆ ಸೈಲೆನ್ಸರ್‌ನಲ್ಲಿ ಕಪ್ಪು ಹೊಗೆ ಇಲ್ಲ. ಇದು ದೊಡ್ಡ ಸುಳಿವು. ಏರ್ ಫಿಲ್ಟರ್ ಕಟ್ಟಿದ್ದರೆ, ಟರ್ಬೋ ಹೋಸ್ ಬಿಟ್ಟಿದ್ದರೆ ಕಪ್ಪಾಗಿ ಕಾರುತ್ತಿತ್ತು. ಲೋಡ್‌ನಲ್ಲೂ ಹೊಗೆ ತೆಳ್ಳಗಿದೆ, ಶಕ್ತಿಯೂ ಇಲ್ಲ ಅಂದ್ರೆ ಹೊಟ್ಟೆಗೆ ಡೀಸೆಲ್ಲೇ ಸಾಲುತ್ತಿಲ್ಲ. ಡೀಸೆಲ್ ಫಿಲ್ಟರ್ ಆಗಲೇ ಬದಲಿಸಿದ್ದೆ. ಚಾಚಾ ಆಕ್ಸಿಲರೇಟರ್ ಕೇಬಲ್ ನೋಡಿದರು, ಪಂಪಿನ ಲಿವರ್ ಕೊನೆಯವರೆಗೂ ಹೋಗುತ್ತಿತ್ತು.

ಆಗ ಚಾಚಾ ತಮ್ಮ ಹಳೇ ವಿದ್ಯೆ ತೆಗೆದರು. ಐದು ಲೀಟರ್ ಕ್ಯಾನಿನಲ್ಲಿ ಡೀಸೆಲ್ ತುಂಬಿ ಕ್ಯಾಬಿನ್ ಪಕ್ಕ ಎತ್ತರದಲ್ಲಿ ಕಟ್ಟಿ, ಪಾರದರ್ಶಕ ಪೈಪಿನಿಂದ ನೇರ ಫೀಡ್ ಪಂಪಿಗೆ ಕೊಟ್ಟರು. ಟ್ಯಾಂಕಿನ ಲೈನ್ ಪೂರ್ತಿ ಬೈಪಾಸ್. ಮತ್ತೆ ಬಕೆಟ್ ಮಡಚಿ ಹಿಡಿದರೆ 2,230!

ಟ್ಯಾಂಕಿನಿಂದ ಬರುವ ರಬ್ಬರ್ ಹೋಸ್ ಬಿಚ್ಚಿದೆ. ಹೊರಗೆ ಒಂದು ಬಿರುಕೂ ಇಲ್ಲ. ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿದಾಗ ಒಳಪದರ ಬಾಳೆಹಣ್ಣಿನ ಸಿಪ್ಪೆಯಂತೆ ಎದ್ದು ಬಂದಿತ್ತು. ಪಂಪ್ ಜೋರಾಗಿ ಎಳೆದಾಗ ಆ ಸಿಪ್ಪೆ ಒಳಗೇ ಅಂಟಿ ದಾರಿ ಮುಚ್ಚುತ್ತದೆ. ನಿಧಾನ ಓಟದಲ್ಲಿ ಡೀಸೆಲ್ ಸಾಕಾಗುವಷ್ಟು ಬರುತ್ತದೆ, ಅದಕ್ಕೇ ಖಾಲಿ ಓಡುವಾಗ ಗೊತ್ತೇ ಆಗಿರಲಿಲ್ಲ. ಹೊಸ ಹೋಸಿನ ಖರ್ಚು ನಮ್ಮಿಬ್ಬರ ಊಟಕ್ಕಿಂತ ಕಡಿಮೆ.

ಮೂರನೇ ಭಾನುವಾರ

ಖುಷಿಯಲ್ಲಿ ಮತ್ತೆ ಸ್ಟಾಲ್ ಟೆಸ್ಟ್. 2,260 ಬಂತು.

ಈಗ ಆ 1,980ರ ಗುಟ್ಟು ಬಿಚ್ಚಿತು. ಎಂಜಿನ್ ಸೋತಿದ್ದು ಆರ್‌ಪಿಎಂ ಕೆಳಗೆ ಎಳೆದಿತ್ತು, ಕ್ಲಚ್ ಜಾರಿದ್ದು ಮೇಲಕ್ಕೆ ಎತ್ತಿತ್ತು. ಎರಡು ತಪ್ಪು ಸೇರಿ ಸರಿ ಉತ್ತರ ಕೊಟ್ಟಿದ್ದವು. ಚಾಚಾ ಹೇಳಿದ್ದೂ ಸುಳ್ಳಲ್ಲ ಅಂತಾಯ್ತು. ಅದನ್ನು ಅವರು ಆವತ್ತು ನನಗೆ ನಾಲ್ಕು ಸಲ ನೆನಪಿಸಿದರು.

ಆದರೂ ಇಳಿಸುವ ಮೊದಲು ಗೇಜ್ ಹಾಕಿದೆವು. ಕ್ಲಚ್ ಪ್ಲೇಟ್ ಒತ್ತಿ ಹಿಡಿಯುವ ಆಯಿಲ್ ಪ್ರೆಶರ್ ಚದರ ಸೆಂಟಿಮೀಟರ್‌ಗೆ 22ರಿಂದ 24 ಕೆಜಿ ಇರಬೇಕು. ಬಂದಿದ್ದು 15. ಮುಂದಕ್ಕೂ ಅಷ್ಟೇ, ರಿವರ್ಸ್‌ಗೂ ಅಷ್ಟೇ, ಎಲ್ಲಾ ಗೇರಿನಲ್ಲೂ ಅಷ್ಟೇ. ಒಂದು ಕ್ಲಚ್ಚಿನ ಸೀಲ್ ಹೋಗಿದ್ದರೆ ಅದೊಂದರಲ್ಲಿ ಬೀಳಬೇಕಿತ್ತು. ಎಲ್ಲದರಲ್ಲೂ ಬಿದ್ದರೆ ಎಲ್ಲಕ್ಕೂ ಸೇರಿದ್ದೇ ಏನೋ ಕೆಟ್ಟಿದೆ: ಪಂಪ್, ಆಯಿಲ್ ಸೋಸುವ ಜಾಲರಿ, ಪ್ರೆಶರ್ ವಾಲ್ವ್, ಇಲ್ಲಾ ಕಟ್-ಆಫ್ ವಾಲ್ವ್. ಜಾಲರಿ ತೆಗೆದು ತೊಳೆದೆ. ಒಂದಿಷ್ಟು ಕೆಂಪು ಕೆಸರು, ಜೊತೆಗೆ ಕಪ್ಪು ಪುಡಿ. ಪ್ರೆಶರ್ 16 ಆಯ್ತು. ಒಂದು ಕೆಜಿಗೆ ಅರ್ಧ ದಿನ.

ನಾಲ್ಕನೇ ಭಾನುವಾರ

ಇಂಥ ಲೋಡರ್‌ನಲ್ಲಿ ಎಡ ಬ್ರೇಕ್ ಪೆಡಲ್ ಒತ್ತಿದರೆ ಬ್ರೇಕ್ ಜೊತೆಗೆ, ಕಟ್-ಆಫ್ ವಾಲ್ವ್ ತೆರೆದು ಪ್ರೆಶರ್ ಇಳಿದು, ಗೇರ್‌ಬಾಕ್ಸ್ ಕ್ಲಚ್ ಕೂಡ ಬಿಡುತ್ತದೆ. ಲಾರಿ ಹತ್ತಿರ ನಿಂತು ಬಕೆಟ್ ಎತ್ತುವಾಗ ಎಂಜಿನ್ ಶಕ್ತಿ ಪೂರ್ತಿ ಹೈಡ್ರಾಲಿಕ್‌ಗೆ ಸಿಗಲಿ ಅಂತ. ಅದಕ್ಕೇ ಸ್ಟಾಲ್ ಟೆಸ್ಟ್‌ಗೆ ನಾವು ಬಲ ಪೆಡಲ್ ಒತ್ತಿದ್ದೆವು.

ಚಾಚಾ ಕೆಳಗೆ ಗೇಜ್ ಹಿಡಿದು ಕೂತಿದ್ದರು. ನಾನು ಸುಮ್ನೆ ಎಡ ಪೆಡಲ್ ಕೆಳಗೆ ಬೂಟಿನ ತುದಿ ಸಿಕ್ಕಿಸಿ ಮೇಲಕ್ಕೆ ಎತ್ತಿದೆ. ಅರ್ಧ ಇಂಚೂ ಬರಲಿಲ್ಲ. "ಏ ಏನು ಮಾಡಿದಿ?" ಅಂತ ಕೆಳಗಿನಿಂದ ಕೂಗು. ಮುಳ್ಳು 22ಕ್ಕೆ ಹಾರಿತ್ತು. ಕಾಲು ತೆಗೆದರೆ ಮತ್ತೆ 16.

ಪೆಡಲ್ ಬುಷ್ ತುಕ್ಕು ಹಿಡಿದು ಬಿಗಿದಿತ್ತು. ಸ್ಪ್ರಿಂಗಿಗೆ ಜೀವ ಇಲ್ಲ. ಪೆಡಲ್ ಪೂರ್ತಿ ವಾಪಸ್ ಬರದೆ ಕಟ್-ಆಫ್ ವಾಲ್ವ್ ಯಾವಾಗಲೂ ಸ್ವಲ್ಪ ತೆರೆದೇ ಇತ್ತು. ಪಿನ್ ಹೊಡೆದು ತೆಗೆದು, ಲೇತ್‌ನಲ್ಲಿ ಹೊಸ ಬುಷ್ ಮಾಡಿಸಿ, ಹೊಸ ಸ್ಪ್ರಿಂಗ್ ಹಾಕಿದೆವು. ಸ್ಟಾಲ್ ಈಗ 2,020. ಸಂಜೆ ಗುಡ್ಡೆಗೆ ತಿವಿದರೆ ಹಿಂದಿನ ಚಕ್ರ ಎದ್ದು ಬಂದವು. ಚಾಚಾ ಮೊಬೈಲ್‌ನಲ್ಲಿ ವೀಡಿಯೊ ತೆಗೆದು ಯಾರ್ಯಾರಿಗೋ ಕಳಿಸಿದರು.

ಒಂದು ಬಾಕಿ ಇದೆ. ಉಳಿದ ಎಲ್ಲಾ ಗೇರಿನಲ್ಲಿ 22 ಇದ್ದರೆ ಎರಡನೇ ಗೇರಿನಲ್ಲಿ, ಮುಂದಕ್ಕಾದರೂ ರಿವರ್ಸ್‌ನಲ್ಲಾದರೂ, 20 ತೋರಿಸುತ್ತದೆ. ಆ ಕ್ಲಚ್ಚಿನ ಸೀಲ್ ಸೋರುತ್ತಿರಬೇಕು. ಇಷ್ಟು ದಿನ ಜಾರಿ ಜಾರಿ ಆಯಿಲ್ ಬೇರೆ ಸುಟ್ಟ ವಾಸನೆ ಹೊಡೆಯುತ್ತಿದೆ. ಮುಂದಿನ ವಾರ ಆಯಿಲ್ ಬದಲಿಸಿ, 50 ಗಂಟೆ ಓಡಿಸಿ, ಮತ್ತೆ ಗೇಜ್ ಹಾಕುತ್ತೇನೆ. ಚಾಚಾ ಮಾತ್ರ ಆಗಲೇ ಕ್ರೇನ್‌ನವನ ಬಾಡಿಗೆ ಎಷ್ಟು ಅಂತ ಕೇಳಿಟ್ಟಿದ್ದಾರೆ.